ಲಿಂಕ್ ಕಳಿಸಿದರೆ ಬೂದು ಡಬ್ಬಿ ಮಾತ್ರ ಬರುತ್ತದೆ, ಏನು ಮಾಡಲಿ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ವಾಟ್ಸ್‌ಆ್ಯಪ್‌ನಲ್ಲೋ ಫೇಸ್‌ಬುಕ್‌ನಲ್ಲೋ ಲಿಂಕ್ ಹಾಕಿದಾಗ ಒಂದು ಸಣ್ಣ ಡಬ್ಬಿ ಬರುತ್ತದಲ್ಲ, ಒಂದು ಚಿತ್ರ, ಒಂದು ತಲೆಬರಹ, ಎರಡು ಸಾಲು ವಿವರ, ಅದರ ಬಗ್ಗೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಪ್ರಿಂಟರ್ ಇಂಕ್ ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆ ಅಂತ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ. ನನಗೂ ಅದೇ ದುಃಖ ಇದೆ.

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾರುತ್ತೇನೆ. ಅಣ್ಣನ ಮಗ ರಜೆಯಲ್ಲಿ ಕೂತು ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ತೆರೆದರೆ ಚೆನ್ನಾಗಿದೆ. ಆದರೆ ಅದರ ಲಿಂಕನ್ನು ಗ್ರೂಪಿಗೆ ಹಾಕಿದರೆ ಬೂದು ಬಣ್ಣದ ಡಬ್ಬಿ, ಅದರಲ್ಲಿ ‘ಹೋಮ್’ ಅಂತ ಒಂದೇ ಒಂದು ಪದ. ಪಕ್ಕದ ಊರಿನವರ ಲಿಂಕ್ ಹಾಕಿದರೆ ದೊಡ್ಡದಾಗಿ ಭರಣಿ ಫೋಟೋ ಬರುತ್ತದೆ. ಅವರೇನು ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದಾರಾ?
— ಉಪ್ಪಿನಕಾಯಿಯವರು, ಶಿರಸಿ ಹತ್ತಿರ

ಉತ್ತರ: ಇಲ್ಲಮ್ಮ, ಒಂದು ಪೈಸೆಯೂ ಇಲ್ಲ. ಅವರ ಪುಟದಲ್ಲಿ ನಾಲ್ಕು ಸಾಲು ಜಾಸ್ತಿ ಇದೆ, ನಿಮ್ಮದರಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ.

ನೀವು ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದ ಕೂಡಲೇ ನಿಮ್ಮ ಫೋನು ಒಂದು ಕೆಲಸ ಮಾಡುತ್ತದೆ. ಆ ವಿಳಾಸಕ್ಕೆ ಹೋಗಿ, ಪುಟವನ್ನು ತಂದು, ಅದರ ತಲೆಯ ಭಾಗವನ್ನು ಓದುತ್ತದೆ. ವೆಬ್ ಪುಟಕ್ಕೆ ತಲೆ ಅಂತ ಒಂದು ಭಾಗ, ಮೈ ಅಂತ ಒಂದು ಭಾಗ ಇರುತ್ತದೆ. ನಾವು ಕಣ್ಣಲ್ಲಿ ನೋಡುವುದೆಲ್ಲ ಮೈ. ತಲೆಯಲ್ಲಿ ಇರುವುದು ಬ್ರೌಸರ್, ಗೂಗಲ್, ವಾಟ್ಸ್‌ಆ್ಯಪ್ ಇಂಥವರು ಓದಿಕೊಳ್ಳಲಿ ಅಂತ ಬರೆದಿಟ್ಟ ವಿಷಯ. ಅದಕ್ಕೇ ಮೆಟಾಡೇಟಾ ಅನ್ನುವುದು. ಅಲ್ಲಿ ಏನೂ ಬರೆದಿಲ್ಲ ಅಂದರೆ ಫೋನು ಪಾಪ ಏನು ಮಾಡಬೇಕು? ಪುಟದ ಹೆಸರು ಏನಿದೆಯೋ ಅದನ್ನೇ ಎತ್ತಿ ತೋರಿಸುತ್ತದೆ. ನಿಮ್ಮ ಅಣ್ಣನ ಮಗ ಯಾವುದೋ ಸಿದ್ಧ ವಿನ್ಯಾಸ ತಗೊಂಡಿದ್ದಾನೆ. ಅದರಲ್ಲಿ ಮೊದಲ ಪುಟದ ಹೆಸರು ‘ಹೋಮ್’ ಅಂತಿದೆ. ಅವನು ಬದಲಿಸಿಲ್ಲ.

ಈ ನಾಲ್ಕು ಸಾಲುಗಳಿಗೆ ಓಪನ್ ಗ್ರಾಫ್, ಚಿಕ್ಕದಾಗಿ ಓಜಿ, ಅಂತ ಹೆಸರು. 2010ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಇದನ್ನು ತಂದಿತು. ಆಮೇಲೆ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲರೂ ಅದನ್ನೇ ಓದಲು ಶುರುಮಾಡಿದರು. ಟ್ವಿಟರ್ 2012ರಲ್ಲಿ ತನ್ನದೇ ಬೇರೆ ಸಾಲುಗಳನ್ನು ತಂದಿತು. ಆದರೆ ಅವು ಇಲ್ಲದಿದ್ದರೆ ಅದೂ ಓಪನ್ ಗ್ರಾಫನ್ನೇ ನೋಡುತ್ತದೆ. ‘ದೊಡ್ಡ ಚಿತ್ರದ ಕಾರ್ಡ್ ಬೇಕು’ ಅನ್ನುವ ಒಂದು ಸಾಲನ್ನು ಮಾತ್ರ ಅದಕ್ಕಾಗಿ ಬೇರೆ ಸೇರಿಸಿದರೆ ಸಾಕು.

ಅಣ್ಣನ ಮಗನಿಗೆ ಹೇಳಿ: ಓಜಿ ಟೈಟಲ್, ಓಜಿ ಡಿಸ್ಕ್ರಿಪ್ಶನ್, ಓಜಿ ಇಮೇಜ್, ಓಜಿ ಯುಆರ್‌ಎಲ್. ಇದಿಷ್ಟು ಹೇಳಿದರೆ ಅವನಿಗೆ ಗೊತ್ತಾಗುತ್ತದೆ. ಓಜಿ ಟೈಪ್ ಅಂತ ಇನ್ನೊಂದಿದೆ, ಅದರಲ್ಲಿ ‘ವೆಬ್‌ಸೈಟ್’ ಅಂತ ಹಾಕಿ ಮರೆತುಬಿಡಿ. ಸಾಲುಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಇದನ್ನೇ ನಕಲು ಮಾಡಿ ಕೋಡಿಗೆ ಹಾಕಬೇಡಿ. (ಹಿಂದೊಮ್ಮೆ ಒಬ್ಬರು ಹಾಗೇ ಮಾಡಿ, ಬಂದಿಲ್ಲ ಅಂತ ಎರಡನೇ ಪತ್ರ ಬರೆದಿದ್ದರು.) ಆದರೆ ಆ ಸಾಲುಗಳ ಒಳಗೆ ತುಂಬುವ ಮಾತು ಧಾರಾಳವಾಗಿ ಕನ್ನಡದಲ್ಲಿರಲಿ. ಇರಲೇಬೇಕು ಅಂತ ನನ್ನ ಹಟ. ನಿಮ್ಮ ಉಪ್ಪಿನಕಾಯಿ ಕೊಳ್ಳುವವರು ಶಿವಮೊಗ್ಗದಲ್ಲಿದ್ದಾರೆ, ಬೆಂಗಳೂರಿನ ಮಗಳ ಮನೆಯಲ್ಲಿದ್ದಾರೆ. ಅವರಿಗೆ ‘ಆಥೆಂಟಿಕ್ ಮಲ್ನಾಡ್ ಪಿಕಲ್ಸ್’ ಅಂತ ಯಾಕೆ ಹೇಳಬೇಕು?

ಈಗ ಬರೆಯುವ ವಿಷಯ. ಎಲ್ಲರೂ ತಪ್ಪುವುದು ಇಲ್ಲೇ. ತಲೆಬರಹದಲ್ಲಿ ‘ನಮ್ಮ ಜಾಲತಾಣಕ್ಕೆ ಸುಸ್ವಾಗತ’ ಅಂತ ಬರೆದರೆ ‘ಹೋಮ್’ಗಿಂತ ಏನು ಹೆಚ್ಚಾಯಿತು? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿದೆ’. ಕೆಳಗಿನ ವಿವರದಲ್ಲಿ: ‘ಅರ್ಧ ಕೆಜಿ, ಒಂದು ಕೆಜಿ ಬಾಟಲಿ. ಎಣ್ಣೆ ಹಾಕಿಲ್ಲ. ಪಾರ್ಸೆಲ್ ಕಳಿಸುತ್ತೇವೆ.’ ಮುಖ್ಯವಾದ ಮಾತು ಮೊದಲಿಗೇ ಬರಲಿ. ಫೋನಿನ ಪರದೆಯಲ್ಲಿ ಜಾಗ ಕಡಿಮೆ, ಎಲ್ಲಿ ಕತ್ತರಿಸುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಅಕ್ಷರ ಇಂಗ್ಲಿಷ್ ಅಕ್ಷರಕ್ಕಿಂತ ಅಗಲ ಬೇರೆ. ಮನೆತನದ ಹೆಸರು, ಊರು, ತಾಲೂಕು ಎಲ್ಲ ಮೊದಲು ಹಾಕಿ ಕೊನೆಗೆ ಉಪ್ಪಿನಕಾಯಿ ಅಂತ ಬರೆದರೆ ಉಪ್ಪಿನಕಾಯಿಯೇ ಕಾಣುವುದಿಲ್ಲ.

ಚಿತ್ರಕ್ಕೆ ಬರೋಣ. ಅಡ್ಡಕ್ಕೆ 1200, ಉದ್ದಕ್ಕೆ 630 ಪಿಕ್ಸೆಲ್. ಫೇಸ್‌ಬುಕ್ ಹೇಳುವ ಅಳತೆ ಇದು, ಉಳಿದ ಕಡೆಯೂ ನಡೆಯುತ್ತದೆ. ಫೋನಿನಲ್ಲಿ ಉದ್ದುದ್ದ ತೆಗೆದ ಫೋಟೋ ಹಾಗೇ ಹಾಕಿದರೆ ಬಾಟಲಿಯ ಮುಚ್ಚಳವೂ ತಳವೂ ಹೋಗಿ ಹೊಟ್ಟೆ ಮಾತ್ರ ಉಳಿಯುತ್ತದೆ. ಕೆಲವು ಕಡೆ ಚಿತ್ರವನ್ನು ಚೌಕಾಕಾರಕ್ಕೆ ಕತ್ತರಿಸುತ್ತಾರೆ, ಆದ್ದರಿಂದ ಬಾಟಲಿ ನಡುವಿನಲ್ಲೇ ಇರಲಿ. ಇನ್ನು ತೂಕ. ಕ್ಯಾಮೆರಾದಿಂದ ಬಂದ ಫೋಟೋ ನಾಲ್ಕೈದು ಎಂಬಿ ಇರುತ್ತದೆ. ವಾಟ್ಸ್‌ಆ್ಯಪ್‌ಗೆ ಅದು ಆಗುವುದಿಲ್ಲ. 600 ಕೆಬಿಯ ಒಳಗಿರಲಿ ಅಂತ ಅವರೇ ಹೇಳುತ್ತಾರೆ. ನಾನು 300 ದಾಟಲು ಬಿಡುವುದಿಲ್ಲ, ನಮ್ಮ ಕಡೆಯ ನೆಟ್‌ವರ್ಕ್ ನಿಮಗೂ ಗೊತ್ತಲ್ಲ. ಚಿತ್ರದ ಕಡತ ಜೆಪೆಗ್ ಆಗಲಿ, ಪಿಎನ್‌ಜಿ ಆಗಲಿ ಸಾಕು. ಲೋಗೋವನ್ನು ಎಸ್‌ವಿಜಿಯಲ್ಲಿ ಕೊಟ್ಟು ‘ಬರ್ತಿಲ್ಲ’ ಅನ್ನುವವರು ತುಂಬಾ ಜನ. ಅದು ಬರುವುದಿಲ್ಲ.

ಚಿತ್ರದ ವಿಳಾಸ ಪೂರ್ತಿ ಇರಬೇಕು, ಎಚ್‌ಟಿಟಿಪಿಎಸ್‌ನಿಂದ ಶುರುವಾಗಿ ಕೊನೆಯ ಅಕ್ಷರದವರೆಗೆ. ಬರೀ ‘ಫೋಟೋ ಫೋಲ್ಡರಿನಲ್ಲಿ ಇರುವ ಬಾಟಲಿ’ ಅಂತ ಅರ್ಧ ವಿಳಾಸ ಕೊಟ್ಟರೆ ನಿಮ್ಮ ಪುಟಕ್ಕೆ ಅರ್ಥವಾಗುತ್ತದೆ, ಹೊರಗಿನವರಿಗೆ ಆಗುವುದಿಲ್ಲ. ಚಿತ್ರದ ಅಗಲ, ಎತ್ತರವನ್ನೂ ಎರಡು ಸಾಲಿನಲ್ಲಿ ಬರೆದಿಟ್ಟರೆ ಫೇಸ್‌ಬುಕ್‌ನಲ್ಲಿ ಮೊದಲ ಸಲ ಹಂಚಿದಾಗಲೇ ಚಿತ್ರ ಕಾಣಿಸುತ್ತದೆ. ಇಲ್ಲದಿದ್ದರೆ ಮೊದಲು ಹಂಚಿದವರಿಗೆ ಖಾಲಿ, ಎರಡನೆಯವರಿಗೆ ಚಿತ್ರ. ಆ ಮೊದಲನೆಯವರು ನೀವೇ ಆಗಿರುತ್ತೀರಿ.

ಫೋಟೋದ ಮೇಲೆ ದೊಡ್ಡದಾಗಿ ಅಕ್ಷರ ಬರೆಸಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಬರೆಸಿ, ಆದರೆ ಕಣ್ಣಿಟ್ಟು ನೋಡಿ. ತಾನಾಗೇ ಚಿತ್ರ ತಯಾರಿಸಿಕೊಡುವ ಕೆಲವು ಸಾಧನಗಳಿಗೆ ಕನ್ನಡದ ಒತ್ತು ಕೂಡಿಸಲು ಬರುವುದಿಲ್ಲ. ಅಪ್ಪೆಮಿಡಿ ಹೋಗಿ ‘ಅಪ್‌ಪೆಮಿಡಿ’ ಆಗಿರುತ್ತದೆ. ಉಪ್ಪಿನಕಾಯಿ ಅಂಗಡಿಯಲ್ಲಿ ಉಪ್ಪೇ ಒಡೆದುಹೋದರೆ ಹೇಗೆ?

ಹಪ್ಪಳದ ಪುಟಕ್ಕೆ ಹಪ್ಪಳದ ಚಿತ್ರ, ಬೆಲ್ಲದ ಪುಟಕ್ಕೆ ಬೆಲ್ಲದ್ದು. ಪ್ರತಿ ಪುಟಕ್ಕೂ ಈ ಸಾಲುಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಅದು ಬೇಜಾರಿನ ಕೆಲಸ, ನಿಜ. ಆ ಬೇಜಾರಿನಿಂದಲೇ ನನಗೊಮ್ಮೆ ಸರಿಯಾಗಿ ಆಯಿತು.

ನಮ್ಮ ಊರಿನ ಒಂದು ಸಂಘಕ್ಕೆ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ವರ್ಷಕ್ಕೊಂದು ತಾಳಮದ್ದಳೆ ಇಡುತ್ತಾರೆ. ಹಿಂದಿನ ವರ್ಷದ ಪುಟವನ್ನೇ ನಕಲು ಮಾಡಿ, ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು, ದಿನ, ಸಮಯ ಎಲ್ಲ ಬದಲಿಸಿದೆ. ಮೈಯನ್ನು ಬದಲಿಸಿದೆ, ತಲೆಯನ್ನು ಮರೆತೆ. ಓಜಿ ಡಿಸ್ಕ್ರಿಪ್ಶನ್‌ನಲ್ಲಿ ಹಳೆಯ ‘ಶನಿವಾರ ಸಂಜೆ 6ಕ್ಕೆ’ ಹಾಗೇ ಕೂತಿತ್ತು. ಈ ಸಲದ್ದು ಭಾನುವಾರ. ಲಿಂಕು ಹತ್ತಾರು ಗ್ರೂಪಿಗೆ ಹೋಯಿತು. ಲಿಂಕ್ ಒತ್ತಿ ಒಳಗೆ ಹೋದವರು ಎಷ್ಟು ಜನ? ಹೆಚ್ಚಿನವರು ಡಬ್ಬಿಯಲ್ಲಿ ಇದ್ದದ್ದನ್ನೇ ಓದಿ, ‘ಶನಿವಾರ’ ಅಂತ ತಿಳಿದುಕೊಂಡು ಹೋದರು. ಶನಿವಾರ ಸಂಜೆ ಬೀಗ ಹಾಕಿದ ಸಭಾಭವನದ ಮುಂದೆ ಸುಮಾರು ಮೂವತ್ತು ಜನ. ಹೊಸನಗರದ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದ ಒಬ್ಬ ಅಜ್ಜರನ್ನು ಮನೆಗೆ ಕರೆದುಕೊಂಡು ಬಂದೆ. ಕಾಫಿ ಕುಡಿದರು. ‘ನೀವೇ ಬರೆದಿದ್ದಲ್ವಾ ಶನಿವಾರ ಅಂತ?’ ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಮ್ಮ ಮನೆಯವರು ಬೈಕಿನಲ್ಲಿ ಕೊನೆಯ ಬಸ್ಸಿಗೆ ಬಿಟ್ಟು ಬಂದರು.

ಅವತ್ತಿನಿಂದ ನಾನು ಪುಟ ಮಾಡುವಾಗ ಮೊದಲು ಬರೆಯುವುದು ತಲೆಯನ್ನು. ಆಮೇಲೆ ಮೈ. ಯಾರಿಗೂ ಕಳಿಸುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡು ನೋಡುತ್ತೇನೆ. ನಮ್ಮದೇ ನಂಬರಿಗೆ ನಾವೇ ಮೆಸೇಜ್ ಮಾಡಿಕೊಳ್ಳಲು ಬರುತ್ತದೆ, ಗೊತ್ತಲ್ಲ?

ಸೈಟನ್ನು ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ್ದರೆ ಒಂದು ಮಾತು: ವರ್ಡ್‌ಪ್ರೆಸ್ ತಾನಾಗಿ ಈ ಸಾಲುಗಳನ್ನು ಹಾಕುವುದಿಲ್ಲ. ಯೋಸ್ಟ್ ಅಥವಾ ರ್‍ಯಾಂಕ್ ಮ್ಯಾತ್‌ನಂಥ ಒಂದು ಪ್ಲಗಿನ್, ಅಂದರೆ ಮೇಲಿಂದ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ, ಬೇಕು. ಒಂದೇ ಒಂದು. ಎರಡನ್ನೂ ಹಾಕಿದರೆ ಇಬ್ಬರೂ ಬರೆಯುತ್ತಾರೆ, ಪುಟಕ್ಕೆ ಎರಡೆರಡು ತಲೆಬರಹ, ಎರಡೆರಡು ಚಿತ್ರ ಆಗಿ ಯಾವುದು ಬರುತ್ತದೋ ದೇವರೇ ಬಲ್ಲ. ಬ್ಲಾಗರ್‌ನಲ್ಲಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಸರ್ಚ್ ಡಿಸ್ಕ್ರಿಪ್ಶನ್’ ಅನ್ನು ಆನ್ ಮಾಡಿ. ಆಮೇಲೆ ಪ್ರತಿ ಲೇಖನದ ಪಕ್ಕದಲ್ಲಿ ಅದಕ್ಕೊಂದು ಖಾನೆ ಬರುತ್ತದೆ.

ಪ್ರಶ್ನೆ: ನೀವು ಹೇಳುವ ಓಜಿ ಎಲ್ಲ ಹಾಕಿದ್ದೇವೆ. ನಮ್ಮ ಹೋಂಸ್ಟೇಯ ಹಳೆ ಫೋಟೋ ತೆಗೆದು ಹೊಸದು ಹಾಕಿ ವಾರ ಆಯಿತು. ಲಿಂಕ್ ಹಂಚಿದರೆ ಈಗಲೂ ಬಣ್ಣ ಬಳಿಯುವ ಮೊದಲಿನ ಮನೆಯೇ ಬರುತ್ತಿದೆ. ಹೊಸಬರು ಬಂದು ‘ಫೋಟೋದಲ್ಲಿ ಬೇರೆ ಇತ್ತು’ ಅನ್ನುತ್ತಾರೆ. ಬೇರೆ ಇದ್ದದ್ದೇನೋ ನಿಜ, ಈಗ ಚೆನ್ನಾಗಿದೆ!
— ಸಕಲೇಶಪುರ

ಉತ್ತರ: ಪ್ರತಿಸಲವೂ ನಿಮ್ಮ ಪುಟಕ್ಕೆ ಬಂದು ನೋಡಲು ಫೇಸ್‌ಬುಕ್, ವಾಟ್ಸ್‌ಆ್ಯಪ್‌ನಂಥವರಿಗೆ ಪುರುಸೊತ್ತಿಲ್ಲ. ಒಮ್ಮೆ ನೋಡಿ ತಮ್ಮಲ್ಲಿ ಒಂದು ನಕಲು ಇಟ್ಟುಕೊಂಡಿರುತ್ತಾರೆ, ಅದನ್ನೇ ತೋರಿಸುತ್ತಾರೆ. ಹೊಸದಾಗಿ ನೋಡಿ ಅಂತ ನಾವೇ ಹೇಳಬೇಕು.

ಫೇಸ್‌ಬುಕ್‌ಗೆ ‘ಶೇರಿಂಗ್ ಡಿಬಗ್ಗರ್’ ಅಂತ ಅವರದೇ ಒಂದು ಪುಟ ಇದೆ. ಹೆಸರು ಹುಡುಕಿದರೆ ಸಿಗುತ್ತದೆ. ಲಿಂಕ್ ಅಂಟಿಸಿ, ‘ಸ್ಕ್ರೇಪ್ ಅಗೇನ್’ ಗುಂಡಿ ಒತ್ತಿ. ಒಂದು ಸಲಕ್ಕೆ ಬಗ್ಗದಿದ್ದರೆ ಎರಡು ಸಲ ಒತ್ತಿ. ಏನು ತಪ್ಪಿದೆ ಅನ್ನುವುದನ್ನೂ ಅದೇ ಪಟ್ಟಿ ಮಾಡಿ ಹೇಳುತ್ತದೆ. ಲಿಂಕ್ಡ್‌ಇನ್‌ಗೆ ‘ಪೋಸ್ಟ್ ಇನ್‌ಸ್ಪೆಕ್ಟರ್’. ಟೆಲಿಗ್ರಾಂನಲ್ಲಿ ‘ವೆಬ್‌ಪೇಜ್ ಬಾಟ್’ ಅಂತ ಒಂದು ಬಾಟ್, ಅಂದರೆ ತಾನಾಗೇ ಕೆಲಸ ಮಾಡುವ ಖಾತೆ, ಇದೆ, ಅದಕ್ಕೆ ಲಿಂಕ್ ಕಳಿಸಿದರೆ ಅದು ಹೋಗಿ ಹೊಸದನ್ನು ತರುತ್ತದೆ.

ವಾಟ್ಸ್‌ಆ್ಯಪ್‌ಗೆ ಇಂಥ ಗುಂಡಿ ಇಲ್ಲ. ಅಲ್ಲಿ ನಾನು ಮಾಡುವ ಉಪಾಯ ಎರಡು. ಹೊಸ ಚಿತ್ರಕ್ಕೆ ಹೊಸ ಹೆಸರು ಕೊಡುವುದು ಒಂದು. ‘ಮನೆ’ ಅನ್ನುವ ಹೆಸರಿನ ಮೇಲೇ ಇನ್ನೊಂದು ಚಿತ್ರ ಹಾಕಬೇಡಿ, ‘ಮನೆ-2’ ಅಂತ ಹಾಕಿ. ಎರಡನೆಯದು, ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮುಂದೆ ಇಂಗ್ಲಿಷಿನ ‘ವಿ’ ಅಕ್ಷರ, ಸಮ ಚಿಹ್ನೆ, 2 ಅಂತ ಬರೆದು ಕಳಿಸುವುದು. ಪುಟ ಅದೇ ತೆರೆಯುತ್ತದೆ, ಆದರೆ ವಿಳಾಸ ಹೊಸದು ಅಂದುಕೊಂಡು ಮತ್ತೆ ಹೋಗಿ ನೋಡುತ್ತದೆ. ಈಗಾಗಲೇ ಕಳಿಸಿಬಿಟ್ಟ ಮೆಸೇಜಿನ ಡಬ್ಬಿ ಮಾತ್ರ ಬದಲಾಗುವುದಿಲ್ಲ. ಅಳಿಸಿ ಮತ್ತೆ ಕಳಿಸಿ, ಇಲ್ಲಾ ಸುಮ್ನೆ ಬಿಡಿ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಅಧ್ಯಾಪಕ. 2003ರಿಂದ ಹಳಗನ್ನಡ ಪದ್ಯಗಳಿಗೆ ಬರೆದ ಅರ್ಥ, ಟಿಪ್ಪಣಿ ಎಲ್ಲವನ್ನೂ ಒಂದು ಜಾಲತಾಣದಲ್ಲಿ ಹಾಕುತ್ತ ಬಂದಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಲಿಂಕನ್ನು ಶಿಷ್ಯರಿಗೆ ಕಳಿಸಿದರೆ ಡಬ್ಬಿಯಲ್ಲಿ ಇಂಗ್ಲಿಷ್ ಅಕ್ಷರಗಳ ಕಸ. ಕನ್ನಡ ಪುಟಕ್ಕೆ ಈ ಗತಿಯೇಕೆ?
— ಗದಗ

ಉತ್ತರ: ಸರ್, ನಿಮ್ಮ ಪತ್ರ ಓದಿ ನನ್ನ ಹಳೆ ದಿನಗಳೆಲ್ಲ ನೆನಪಾದವು. ನಾನು ಬಸ್ ಸ್ಟ್ಯಾಂಡಿನ ಎದುರು ಡಿಟಿಪಿ ಅಂಗಡಿ ಹಾಕಿದ್ದ ಕಾಲ. ಮದುವೆ ಕಾಗದ, ಗೃಹಪ್ರವೇಶ, ಉತ್ತರಕ್ರಿಯೆ ಪತ್ರಿಕೆ, ಎಲ್ಲ ‘ನುಡಿ’ ಇಲ್ಲವೇ ‘ಬರಹ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಆಗ ನಾವು ಟೈಪ್ ಮಾಡುತ್ತಿದ್ದದ್ದು ನೋಡಲು ಕನ್ನಡ, ಒಳಗೆ ಕನ್ನಡ ಅಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಜಾಗವೇ. ಆ ಜಾಗಗಳಿಗೆ ಫಾಂಟು ಕನ್ನಡದ ಆಕಾರಗಳ ಅಂಗಿ ತೊಡಿಸಿರುತ್ತಿತ್ತು. ಫಾಂಟ್ ಇರುವವರೆಗೆ ಕನ್ನಡ, ಫಾಂಟ್ ತೆಗೆದರೆ ಕಸ.

ನಿಮ್ಮ ಪುಟಕ್ಕೆ ಆ ಫಾಂಟ್ ಸಿಗುತ್ತಿದೆ, ಅದಕ್ಕೇ ಅದು ಚೆನ್ನಾಗಿ ಕಾಣುತ್ತದೆ. ಆದರೆ ವಾಟ್ಸ್‌ಆ್ಯಪ್‌ನ ಡಬ್ಬಿ ನಿಮ್ಮ ಫಾಂಟನ್ನು ತರುವುದಿಲ್ಲ. ಬರೀ ಅಕ್ಷರಗಳನ್ನು ತಂದು, ಫೋನಿನ ಫಾಂಟಿನಲ್ಲಿ ತೋರಿಸುತ್ತದೆ. ಗೂಗಲ್‌ಗೂ ಅದು ಕಸವಾಗಿಯೇ ಕಾಣುತ್ತದೆ ಸರ್. ಅಂದರೆ ಇಪ್ಪತ್ತು ವರ್ಷದ ನಿಮ್ಮ ಕೆಲಸವನ್ನು ಯಾರೂ ಹುಡುಕಿ ತೆಗೆಯಲು ಆಗಿಲ್ಲ. ಆ ಡಬ್ಬಿ, ಅಂದರೆ ಪ್ರಿವ್ಯೂ, ಹಾಳಾದದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನ್ನಿಸಿದ್ದು ಅದಕ್ಕೆ. ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಮಾಡಬೇಕಾದ್ದು: ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಇರುವ ಪದ್ಧತಿಗೆ, ಬದಲಿಸುವುದು. ನುಡಿ, ಬರಹದ ಹಳೆ ಪಠ್ಯವನ್ನು ಯೂನಿಕೋಡ್ ಮಾಡುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಅದನ್ನು ನಂಬಿ ಹಾಗೇ ಬಿಡಬೇಡಿ. ಹಳೆ ಪದ್ಧತಿಯಲ್ಲಿ ಅರ್ಕಾವತ್ತನ್ನು ಅಕ್ಷರವಾದ ಮೇಲೆ ಒತ್ತುತ್ತಿದ್ದೆವು, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು, ನಾವು ಉಚ್ಚರಿಸುವ ಕ್ರಮದಲ್ಲಿ. ಪರಿವರ್ತಕ ಅದನ್ನು ಹಿಂದೆಮುಂದೆ ಮಾಡಬೇಕಾಗುತ್ತದೆ, ಅಲ್ಲಿ ಎಡವುವುದುಂಟು. ಹಳಗನ್ನಡದ ಱ, ೞ ಎರಡನ್ನೂ ವಿಶೇಷವಾಗಿ ನೋಡಿ. ಅವನ್ನು ಆಗ ಯಾವ ಗುಂಡಿಯಿಂದ ಹೊಡೆದಿದ್ದಿರೋ ಅದರ ಮೇಲೆ ಹೋಗುತ್ತದೆ. ಒಂದೊಂದು ಪುಟವನ್ನೂ ನೀವೇ ಒಮ್ಮೆ ಓದಬೇಕು. ಬೇರೆಯವರಿಗೆ ವಹಿಸಿದರೆ ‘ಪೞಗನ್ನಡ’ ‘ಪಳಗನ್ನಡ’ವಾಗಿ ಹೊರಬರುತ್ತದೆ. ತಪ್ಪು ಅಂತ ಅವರಿಗೆ ಅನ್ನಿಸುವುದೂ ಇಲ್ಲ.

ಒಟ್ಟಿಗೇ ಎಲ್ಲ ಮಾಡಲು ಆಗದಿದ್ದರೆ ತಲೆಯಿಂದ ಶುರುಮಾಡಿ. ಪ್ರತಿ ಪುಟದ ಓಜಿ ಟೈಟಲ್ ಮತ್ತು ಡಿಸ್ಕ್ರಿಪ್ಶನ್ ಮಾತ್ರ ಯೂನಿಕೋಡಿನಲ್ಲಿ ಬರೆಯಿರಿ. ಶಿಷ್ಯರಿಗೆ ಕಳಿಸುವ ಡಬ್ಬಿ ಅಂದೇ ಸರಿಯಾಗುತ್ತದೆ. ಪುಟ ತನ್ನ ತಲೆಯ ಶುರುವಿನಲ್ಲೇ ‘ಯುಟಿಎಫ್-8’ (ಯೂನಿಕೋಡನ್ನು ಕಡತದಲ್ಲಿ ಬರೆದಿಡುವ ಕ್ರಮ) ಅಂತ ಹೇಳಿಕೊಂಡಿರಲಿ, ಇಲ್ಲದಿದ್ದರೆ ಯೂನಿಕೋಡ್ ಬರೆದೂ ಬೇರೆ ಥರದ ಕಸ ಬರುತ್ತದೆ. ಆದರೆ ಒಂದೇ ಪುಟದಲ್ಲಿ ತಲೆ ಯೂನಿಕೋಡು, ಮೈ ನುಡಿ ಅಂತಿದ್ದರೆ ಜೋಡಿಸುವವರಿಗೆ ತುಸು ತಲೆನೋವು. ಅದನ್ನು ಮಾಡಿಕೊಡುವ ಹುಡುಗರು ಗದಗದಲ್ಲೇ ಸಿಗುತ್ತಾರೆ. ಸಿಗದಿದ್ದರೆ ಒಂದು ಪುಟ ನನಗೆ ಕಳಿಸಿ, ಆಸೆಯಿಂದಲೇ ಮಾಡುತ್ತೇನೆ.

ಪ್ರಶ್ನೆ: ಲೇಖನದ ವಿಳಾಸವನ್ನೂ ಕನ್ನಡದಲ್ಲೇ ಇಟ್ಟಿದ್ದೇನೆ. ಹಂಚುವಾಗ ಶೇಕಡಾ ಚಿಹ್ನೆಗಳ ಸಾಲು ಬರುತ್ತದೆ, ಮೆಸೇಜ್ ತುಂಬ ಅದೇ. ಇದಕ್ಕೂ ಓಜಿ ಇದೆಯಾ?
— ಮಂಗಳೂರು

ಉತ್ತರ: ಇಲ್ಲ. ಕನ್ನಡದ ಒಂದೊಂದು ಚಿಹ್ನೆ ವಿಳಾಸದಲ್ಲಿ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ಒತ್ತು, ಗುಣಿತ ಎಲ್ಲ ಬೇರೆಬೇರೆ ಚಿಹ್ನೆ ಅಂತಲೇ ಲೆಕ್ಕ. ‘ಅಪ್ಪೆಮಿಡಿ’ ಒಂದಕ್ಕೇ 81 ಅಕ್ಷರ. ಮೇಲಿನ ಶಿರಸಿಯವರನ್ನೇ ಉದಾಹರಣೆಗೆ ತಗೊಳ್ಳಿ: ‘ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ವಿಧಾನ’ ಅಂತ ವರ್ಡ್‌ಪ್ರೆಸ್‌ನಲ್ಲಿ ಬರೆದರೆ ಅದು ವಿಳಾಸಕ್ಕೆ 200 ಅಕ್ಷರ ಮಾತ್ರ ಕೊಡುವುದರಿಂದ ‘ಅಪ್ಪೆಮಿಡಿ-ಉಪ್ಪಿನಕಾಯಿ-ಹಾಕ’ ಅಂತ ನಿಂತುಬಿಡುತ್ತದೆ. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿರಲಿ, ತಲೆಬರಹ ಕನ್ನಡದಲ್ಲಿರಲಿ. ಕನ್ನಡಾಭಿಮಾನ ತೋರಿಸಲು ವಿಳಾಸ ಸರಿಯಾದ ಜಾಗ ಅಲ್ಲ. ಒಪ್ಪದವರು ಬೈದು ಬರೆಯಬಹುದು.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಸಾಧನದಲ್ಲಿ ಒಂದು ಪುಸ್ತಕದಂಗಡಿ ಸೈಟ್ ಮಾಡಿದ್ದೇವೆ. ಪ್ರತಿ ಪುಸ್ತಕಕ್ಕೂ ಬೇರೆ ಓಜಿ ಹಾಕಿದ್ದೇವೆ, ಬ್ರೌಸರಿನಲ್ಲಿ ಪರೀಕ್ಷಿಸಿದರೆ ಕಾಣುತ್ತದೆ. ಹಂಚಿದರೆ ಎಲ್ಲ ಪುಸ್ತಕಕ್ಕೂ ಒಂದೇ ಪ್ರಿವ್ಯೂ. ಎರಡು ರಾತ್ರಿ ನಿದ್ದೆ ಇಲ್ಲ.
— ಮೂವರು ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ನಿದ್ದೆ ಮಾಡಿ. ಬ್ರೌಸರಿನ ಪರಿಶೀಲನೆ ಕಿಟಕಿಯಲ್ಲಿ ನೋಡಬೇಡಿ, ಕಂಟ್ರೋಲ್ ಮತ್ತು ‘ಯು’ ಒತ್ತಿ ಮೂಲ ಪುಟ ನೋಡಿ. ಅಲ್ಲಿ ನಿಮ್ಮ ಓಜಿ ಸಾಲುಗಳು ಇರುವುದಿಲ್ಲ. ಅವನ್ನು ಜಾವಾಸ್ಕ್ರಿಪ್ಟ್ ಆಮೇಲೆ ತಂದು ಸೇರಿಸುತ್ತಿದೆ. ಪ್ರಿವ್ಯೂ ಮಾಡಲು ಬರುವ ಫೇಸ್‌ಬುಕ್, ವಾಟ್ಸ್‌ಆ್ಯಪ್ ಜಾವಾಸ್ಕ್ರಿಪ್ಟ್ ಓಡಿಸುವ ತನಕ ಕಾಯುವುದಿಲ್ಲ. ಬಾಗಿಲಲ್ಲಿ ಇಣುಕಿ, ಇದ್ದದ್ದನ್ನು ಓದಿ, ಹೋಗಿಬಿಡುತ್ತವೆ. ಆದ್ದರಿಂದ ಸರ್ವರ್‌ನಿಂದ ಪುಟ ಹೊರಡುವಾಗಲೇ ಆ ಸಾಲುಗಳು ಅದರಲ್ಲಿ ಇರಬೇಕು. ಸರ್ವರಿನಲ್ಲೇ ಪುಟ ತಯಾರಾಗುವ ಹಾಗೆ ಮಾಡಿ. ಅದು ಕಷ್ಟ ಅನಿಸಿದರೆ ಪ್ರತಿ ಪುಸ್ತಕಕ್ಕೂ ಮೊದಲೇ ಒಂದೊಂದು ಎಚ್‌ಟಿಎಂಎಲ್ ಕಡತ ಮಾಡಿಟ್ಟುಕೊಳ್ಳಿ. ನಿಮ್ಮ ಅಂಗಡಿಯಲ್ಲಿ 40 ಪುಸ್ತಕ ಅಂತ ಬರೆದಿದ್ದೀರಿ, ಅಷ್ಟಕ್ಕೆ ಎರಡನೆಯದೇ ಸಾಕು. ಹಾಗೇ ಹೊರಗಿನ ಯಂತ್ರಗಳಿಗೆ ಸೂಚನೆ ಬರೆದಿಡುವ ರೋಬೋಟ್ಸ್ ಕಡತದಲ್ಲಿ ‘ಯಾರೂ ಬರಬೇಡಿ’ ಅಂತ ಬರೆದಿಟ್ಟಿಲ್ಲ ತಾನೆ? ಪ್ರಾಜೆಕ್ಟ್ ಮಾಡುವಾಗ ಹಾಕಿ ಮರೆತವರನ್ನು ನೋಡಿದ್ದೇನೆ.

ಪ್ರಶ್ನೆ: ನಾನೊಂದು ಸುದ್ದಿ ಪೇಜ್ ನಡೆಸುತ್ತೇನೆ. ಪುಟದಲ್ಲಿ ಸಾಮಾನ್ಯ ತಲೆಬರಹ ಇಟ್ಟು, ಓಜಿ ಟೈಟಲ್‌ನಲ್ಲಿ ಮಾತ್ರ ‘ಬೆಚ್ಚಿಬಿದ್ದ ಜನ! ಆಗಿದ್ದೇನು?’ ಅಂತ ಹಾಕಿದರೆ ಕ್ಲಿಕ್ ಜಾಸ್ತಿ ಬರುತ್ತದಾ?
— ಊರು ಬರೆದಿಲ್ಲ

ಉತ್ತರ: ಬರುತ್ತದೆ. ಮಾಡಬೇಡಿ.

ಕಾರಣ ಬೇಕೇ ಬೇಕು ಅಂದರೆ: ಹಿಂದೆ ಫೇಸ್‌ಬುಕ್‌ನಲ್ಲಿ ಲಿಂಕ್ ಹಂಚುವಾಗ ಡಬ್ಬಿಯ ತಲೆಬರಹವನ್ನು ಹಂಚುವವರೇ ತಿದ್ದಬಹುದಿತ್ತು. ಬೇರೆಯವರ ಸುದ್ದಿಗೆ ತಮ್ಮ ಸುಳ್ಳು ತಲೆಬರಹ ಅಂಟಿಸುವವರು ಹೆಚ್ಚಾದರು. 2017ರಲ್ಲಿ ಫೇಸ್‌ಬುಕ್ ಆ ಸೌಲಭ್ಯವನ್ನು ತೆಗೆಯಿತು. ಪ್ರಾಮಾಣಿಕವಾಗಿ ಒಂದು ಅಕ್ಷರ ತಿದ್ದಿಕೊಳ್ಳುತ್ತಿದ್ದ ನಮ್ಮಂಥವರಿಗೂ ಅದು ಹೋಯಿತು. 2023ರ ಅಕ್ಟೋಬರ್‌ನಲ್ಲಿ ಎಕ್ಸ್, ಅಂದರೆ ಹಳೆಯ ಟ್ವಿಟರ್, ಕಾರ್ಡಿನಿಂದ ತಲೆಬರಹವನ್ನೇ ತೆಗೆದು ಬರೀ ಚಿತ್ರ ಬಿಟ್ಟಿತ್ತು. ಆಮೇಲೆ ಚಿತ್ರದ ಮೇಲೆ ಸಣ್ಣದಾಗಿ ಮತ್ತೆ ತಂದರು. ಈ ನಾಲ್ಕು ಸಾಲು ನಮ್ಮ ಮನೆಯ ಬೋರ್ಡು, ಆದರೆ ಗೋಡೆ ಅವರದು. ಅವರಿಗೆ ಕಿರಿಕಿರಿ ಆದ ದಿನ ಕಿತ್ತು ಹಾಕುತ್ತಾರೆ.

ಪ್ರಶ್ನೆ: ನನಗೆ 71 ವರ್ಷ. ವೆಬ್‌ಸೈಟ್ ಗಿಬ್‌ಸೈಟ್ ಏನೂ ಇಲ್ಲ, ಪಿಂಚಣಿ ಇದೆ. ಕಳೆದ ವಾರ ಪರಿಚಯದವರ ನಂಬರಿನಿಂದ ಒಂದು ಲಿಂಕ್ ಬಂತು. ಕೆಳಗಿನ ಡಬ್ಬಿಯಲ್ಲಿ ನನ್ನ ಬ್ಯಾಂಕಿನ ಹೆಸರು, ಅದರದೇ ಲಾಂಛನ, ‘ಕೆವೈಸಿ ಇಂದೇ ಮುಗಿಸಿ’ ಅಂತ. ಒತ್ತುವವನಿದ್ದೆ. ಮೊಮ್ಮಗಳು ಫೋನ್ ಕಿತ್ತುಕೊಂಡಳು. ಬ್ಯಾಂಕಿನ ಚಿತ್ರವೇ ಬಂದಿದೆಯಲ್ಲ, ಅದು ಸುಳ್ಳಾಗುವುದು ಹೇಗೆ?
— ಮೈಸೂರು

ಉತ್ತರ: ಮೊಮ್ಮಗಳಿಗೆ ನನ್ನ ಕಡೆಯಿಂದ ಒಂದು ಮೈಸೂರು ಪಾಕ್ ಕೊಡಿಸಿ.

ಶಿರಸಿಯವರಿಗೆ ನಾನು ಮೇಲೆ ಬರೆದದ್ದನ್ನು ಓದಿದಿರಲ್ಲ? ಆ ನಾಲ್ಕು ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಉಪ್ಪಿನಕಾಯಿ ಅಂತ ಬರೆದರೆ ಉಪ್ಪಿನಕಾಯಿ ಬರುತ್ತದೆ, ನಿಮ್ಮ ಬ್ಯಾಂಕಿನ ಹೆಸರು ಬರೆದರೆ ಬ್ಯಾಂಕಿನ ಹೆಸರು. ಲಾಂಛನವನ್ನು ಬ್ಯಾಂಕಿನ ಸೈಟಿನಿಂದಲೇ ಎತ್ತಿಕೊಂಡರಾಯಿತು. ಬರೆದವರು ಯಾರು ಅಂತ ಯಾರೂ ಕೇಳುವುದಿಲ್ಲ, ಗುರುತಿನ ಚೀಟಿ ನೋಡುವುದಿಲ್ಲ. ಇನ್ನೂ ಒಂದಿದೆ: ಪ್ರಿವ್ಯೂ ಮಾಡಲು ಬಂದ ಯಂತ್ರಕ್ಕೆ ಒಂದು ಪುಟ ತೋರಿಸಿ, ನೀವು ಒತ್ತಿದಾಗ ಬೇರೆ ಪುಟಕ್ಕೆ ಕಳಿಸುವ ಆಟವೂ ಮೋಸಗಾರರಿಗೆ ಗೊತ್ತು. ಅದಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಆ ಡಬ್ಬಿ ತಯಾರಾಗುವುದು ಕಳಿಸಿದವರ ಫೋನಿನಲ್ಲಿ, ನಿಮ್ಮದರಲ್ಲಿ ಅಲ್ಲ. ಆದ್ದರಿಂದ ಅದನ್ನು ಕಳಿಸಿದವರ ಹೇಳಿಕೆ ಅಂತ ತಿಳಿಯಿರಿ, ಸಾಕ್ಷಿ ಅಂತಲ್ಲ.

ನೋಡಬೇಕಾದ್ದು ಡಬ್ಬಿಯ ಕೆಳಗೆ ನೀಲಿ ಅಕ್ಷರದಲ್ಲಿರುವ ಲಿಂಕು. ‘ಎಚ್‌ಟಿಟಿಪಿಎಸ್’ ಆದಮೇಲೆ ಎರಡು ಓರೆಗೆರೆ ಇರುತ್ತದೆ, ಅದನ್ನು ಬಿಟ್ಟು ಮುಂದಿನ ಒಂಟಿ ಓರೆಗೆರೆಯ ತನಕ ಓದಿ. ಅಲ್ಲಿ ನಿಂತು, ಬಲದಿಂದ ಎಡಕ್ಕೆ ಹಿಂದೆ ಬನ್ನಿ. ಕೊನೆಯ ಎರಡು ಮೂರು ಭಾಗಗಳೇ ಮನೆಯ ಯಜಮಾನರು. ಎಡಗಡೆ ಬ್ಯಾಂಕಿನ ಹೆಸರು ಎಷ್ಟು ಸಲ ಇದ್ದರೂ ಲೆಕ್ಕಕ್ಕಿಲ್ಲ. ಈಗ ಇದು ಸ್ವಲ್ಪ ಸುಲಭವೂ ಆಗಿದೆ. ನಮ್ಮ ದೇಶದ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಮುಗಿಯುವ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿ, 2025ರ ಅಕ್ಟೋಬರ್ 31ರವರೆಗೆ ಗಡುವು ಕೊಟ್ಟಿತ್ತು. ಆ ಹೆಸರನ್ನು ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಚುಟುಕು ಮಾಡಿದ ಲಿಂಕ್ ಬಂದರೆ ಓದಲು ಏನೂ ಸಿಗುವುದಿಲ್ಲ, ಅದನ್ನು ಮುಟ್ಟಲೇಬೇಡಿ. ಒತ್ತಿದ ಮೇಲೆ ‘ಎಪಿಕೆ’ (ಫೋನಿಗೆ ಆ್ಯಪ್ ಹಾಕುವ ಕಡತ) ಅಂತ ಏನಾದರೂ ಇಳಿಸಿಕೊಳ್ಳಲು ಕೇಳಿದರೆ ಫೋನನ್ನು ಮತ್ತೆ ಮೊಮ್ಮಗಳ ಕೈಗೆ ಕೊಡಿ. ಹಣ ಹೋಗಿಯೇ ಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ.

ನಿಮಗೆ ಬಂದ ಲಿಂಕನ್ನು ನನಗೂ ಪತ್ರದ ಜೊತೆ ಬರೆದು ಕಳಿಸಿದ್ದೀರಿ, ಕೈಬರಹದಲ್ಲಿ, ಒಂದೊಂದು ಅಕ್ಷರವಾಗಿ. ಅದರ ಕೊನೆಯಲ್ಲಿ ‘ಬ್ಯಾಂಕ್’ ಕೂಡ ಇಲ್ಲ, ‘ಇನ್’ ಕೂಡ ಇಲ್ಲ. ಹಾಂ, ಪರಿಚಯದವರ ನಂಬರಿನಿಂದ ಬಂತು ಅಂದಿರಿ. ಅವರಿಗೆ ಒಂದು ಫೋನ್ ಮಾಡಿ. ಮೆಸೇಜ್ ಬೇಡ, ಕರೆಯನ್ನೇ ಮಾಡಿ. ಅವರ ವಾಟ್ಸ್‌ಆ್ಯಪ್ ಬೇರೆಯವರ ಕೈಯಲ್ಲಿರಬಹುದು, ಅವರಿಗೇ ಗೊತ್ತಿರಲಿಕ್ಕಿಲ್ಲ.